ಪ್ರಿಂಟಿಂಗ್ ಅಂಗಡಿಯ ಸ್ಟ್ಯಾಟಿಕ್‌ಗೆ ಯಾವ ಮದ್ದು: ಅರ್ಥಿಂಗ್, ತೇವಾಂಶ, ಟಿನ್ಸೆಲ್, ಅಯಾನ್ ಬಾರ್

ಅಕ್ರಿಲಿಕ್ ಶೀಟಿನ ಮೇಲೆ ಯುವಿ ಪ್ರಿಂಟ್ (ನೇರಳಾತೀತ ಬೆಳಕಿನಲ್ಲಿ ಇಂಕು ಗಟ್ಟಿಯಾಗುವ ಬಗೆ) ಹಾಕಿದಾಗ ಅಕ್ಷರದ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಬರಬೇಕು. ಅಂಚಿನಲ್ಲಿ ಸಣ್ಣ ಕೂದಲು ಎದ್ದ ಹಾಗೆ ಇಂಕು ಚಾಚಿಕೊಂಡಿದ್ದರೆ, ಖಾಲಿ ಜಾಗದಲ್ಲಿ ಮಂಜಿನಂತೆ ಬಣ್ಣ ಕೂತಿದ್ದರೆ, ಇಂಕು ಚಿಮ್ಮಿಸುವ ಹೆಡ್ ಕೆಟ್ಟಿತೆಂದು ಸರ್ವಿಸ್‌ನವರಿಗೆ ಫೋನ್ ಮಾಡುವ ಮುಂಚೆ ಕೋಣೆಯ ತೇವಾಂಶ ಎಷ್ಟಿದೆ ನೋಡಿ. ಶೇ. 40ಕ್ಕಿಂತ ಕೆಳಗಿದ್ದರೆ ಮೊದಲ ಅನುಮಾನ ಸ್ಟ್ಯಾಟಿಕ್ ಮೇಲೆಯೇ, ಅಂದರೆ ಉಜ್ಜಿದಾಗ, ಕಿತ್ತಾಗ ಮೇಲ್ಮೈಯಲ್ಲಿ ಕೂರುವ ವಿದ್ಯುತ್ ಚಾರ್ಜಿನ ಮೇಲೆಯೇ ಇರಲಿ. ಹೆಡ್‌ನಿಂದ ಹೊರಡುವ ಪ್ರತಿ ಮುಖ್ಯ ಹನಿಯ ಹಿಂದೆ ಅದಕ್ಕಿಂತ ಎಷ್ಟೋ ಚಿಕ್ಕದಾದ ಮರಿಹನಿಗಳು ಬರುತ್ತವೆ. ಅವುಗಳ ತೂಕ ತೀರಾ ಕಡಿಮೆ. ಶೀಟಿನ ಮೇಲೆ ಕೆಲವು ಸಾವಿರ ವೋಲ್ಟ್ ಚಾರ್ಜ್ ಇದ್ದರೆ ಮುಖ್ಯ ಹನಿ ತನ್ನ ದಾರಿ ಬಿಡದಿದ್ದರೂ ಮರಿಹನಿಗಳು ದಿಕ್ಕು ತಪ್ಪುತ್ತವೆ. ಕೆಲವು ವಾಪಸ್ ಹಾರಿ ನಾಜಲ್ (ಇಂಕು ಹೊರಬರುವ ಸಣ್ಣ ತೂತು) ಪ್ಲೇಟಿಗೇ ಅಂಟಿಕೊಳ್ಳುತ್ತವೆ. ಹತ್ತು ಶೀಟು ಮುಗಿಯುವಷ್ಟರಲ್ಲಿ ನಾಜಲ್ ಬಿಟ್ಟು ಬಿಟ್ಟು ಹೊಡೆಯಲು ಶುರುವಾಗುವುದು ಇದರಿಂದಲೇ.

ಕರ್ನಾಟಕದ ಒಳನಾಡಿನಲ್ಲಿ ಈ ಕಾಟ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹೆಚ್ಚು. ಬೆಂಗಳೂರಿನಲ್ಲೂ ಮಾರ್ಚ್ ಮಧ್ಯಾಹ್ನದ ತೇವಾಂಶ ಶೇ. 30ರ ಆಸುಪಾಸಿಗೆ ಇಳಿಯುವುದು ಮಾಮೂಲಿ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಇನ್ನೂ ಒಣ. ಮಂಗಳೂರಿನವರಿಗೆ ಮಳೆಗಾಲದಲ್ಲಿ ಈ ಚಿಂತೆ ಇಲ್ಲ. ಆದರೆ ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯ ಲೆಕ್ಕ ಎಲ್ಲಿದ್ದರೂ ಬೇರೆ: ಎಸಿಯ ಡ್ರೈನ್ ಪೈಪಿನಿಂದ ತೊಟ್ಟಿಕ್ಕುವ ನೀರೆಲ್ಲ ಆ ಕೋಣೆಯ ಗಾಳಿಯಿಂದ ಹೋದದ್ದೇ.

ಮೊದಲು ತಿಳಿಯಬೇಕಾದ್ದು: ಚಾರ್ಜ್ ಕೂತಿರುವುದು ಎಲ್ಲಿ?

ಯಾವ ಸಾಧನ ಕೊಳ್ಳಬೇಕು ಅನ್ನುವುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಮೆಷಿನ್ ಫ್ರೇಮು, ರೋಲರು, ಟೇಬಲ್, ಮನುಷ್ಯನ ಮೈ ಇವೆಲ್ಲ ವಿದ್ಯುತ್ ಹರಿಯಬಿಡುವಂಥವು. ಇವುಗಳ ಮೇಲಿನ ಚಾರ್ಜನ್ನು ಒಂದು ತಂತಿ ಕಟ್ಟಿ ನೆಲಕ್ಕೆ ಇಳಿಸಬಹುದು. ಅಕ್ರಿಲಿಕ್, ವಿನೈಲ್, ಸನ್‌ಬೋರ್ಡ್, ಪಾಲಿಕಾರ್ಬೊನೇಟ್, ಪಿಇಟಿ ಫಿಲ್ಮ್ ಹಾಗಲ್ಲ. ಅವುಗಳ ಮೇಲೆ ಕೂತ ಚಾರ್ಜ್ ಕೂತಲ್ಲೇ ಇರುತ್ತದೆ. ಶೀಟಿನ ಒಂದು ಮೂಲೆಗೆ ಅರ್ಥ್ ವೈರ್ ಹಚ್ಚಿದರೆ ಆ ಮೂಲೆಯ ಒಂದು ಚುಕ್ಕೆಯಷ್ಟು ಜಾಗ ಖಾಲಿಯಾದೀತು, ಉಳಿದ 8 ಅಡಿ ಹಾಗೇ ಉಳಿಯುತ್ತದೆ. ಅದನ್ನು ಕಳೆಯಲು ಇರುವುದು ಎರಡೇ ದಾರಿ: ಮೇಲ್ಮೈಯಲ್ಲಿ ತೆಳುವಾಗಿ ತೇವದ ಪದರ ಕೂರುವಂತೆ ಮಾಡಿ ಚಾರ್ಜ್ ತಾನಾಗಿ ಸೋರಿಹೋಗಲು ಬಿಡುವುದು, ಇಲ್ಲವೇ ಗಾಳಿಯ ಮೂಲಕ ಎದುರು ಚಾರ್ಜಿನ ಅಯಾನುಗಳನ್ನು (ಚಾರ್ಜ್ ಹೊತ್ತ ಗಾಳಿಯ ಕಣಗಳನ್ನು) ಅದರ ಮೇಲೆ ಸುರಿಯುವುದು.

ಸ್ಟ್ಯಾಟಿಕ್ ಅಂದೊಡನೆ ಎರಡನೇ ಅರ್ಥ್ ಗುಂಡಿ ತೋಡಿಸುವ ಅಂಗಡಿಗಳು ಬಹಳ ಇವೆ. ಮೂರನೆಯದನ್ನು ತೋಡಿಸಿದರೂ ಅಕ್ರಿಲಿಕ್ ಮೇಲಿನ ಮಂಜು ಹೋಗುವುದಿಲ್ಲ ಅನ್ನುವುದು ಇದೇ ಕಾರಣಕ್ಕೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಮೆಷಿನ್ ಮುಟ್ಟಿದಾಗ ಒಮ್ಮೆ ಚಟ್ ಅಂದು ಸುಮ್ಮನಾದರೆ ಅದು ಸ್ಟ್ಯಾಟಿಕ್. ಮುಟ್ಟಿದಷ್ಟು ಹೊತ್ತೂ ಜುಮ್ ಅನ್ನುತ್ತಿದ್ದರೆ, ಮೆಷಿನ್ನಿನ ಮೈಗೆ ಟೆಸ್ಟರ್ ಇಟ್ಟಾಗ ದೀಪ ಹತ್ತಿದರೆ ಅದು ಕರೆಂಟ್ ಲೀಕ್. ಜೀವಕ್ಕೆ ಅಪಾಯ. ತಕ್ಷಣ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಈ ಬರಹದಲ್ಲಿರುವ ಯಾವ ಉಪಾಯವೂ ಅದಕ್ಕೆ ಮದ್ದಲ್ಲ.

ಅರ್ಥಿಂಗ್: ಬೇಕೇ ಬೇಕು, ಆದರೆ ಬೇರೆ ಕಾರಣಕ್ಕೆ

ಬರೀ ಸ್ಟ್ಯಾಟಿಕ್ ಇಳಿಯುವುದಕ್ಕೆ 10 ಲಕ್ಷ ಓಮ್ ರೋಧವಿರುವ ದಾರಿ ಇದ್ದರೂ ಸಾಕು. ಕರೆಂಟಿನ ಸುರಕ್ಷತೆಗೆ, ಹೆಡ್ ಬೋರ್ಡಿನ ಆಯುಷ್ಯಕ್ಕೆ ಅದು ಸಾಲದು. ಯುವಿ ಮತ್ತು ಸಾಲ್ವೆಂಟ್ (ಆವಿಯಾಗುವ ದ್ರಾವಕದ ಇಂಕು ಬಳಸುವ) ಮೆಷಿನ್ ಕೂರಿಸುವವರು ಸಾಮಾನ್ಯವಾಗಿ 4–5 ಓಮ್‌ಗಿಂತ ಕಡಿಮೆ ಕೇಳುತ್ತಾರೆ. ಗುಂಡಿ ತೋಡುವ ಕ್ರಮ ಐಎಸ್ 3043 ಮಾನಕದಲ್ಲಿದೆ: ಪೈಪ್ ಅರ್ಥ್ ಆದರೆ ಕನಿಷ್ಠ 2.5 ಮೀಟರ್ ಉದ್ದದ ಜಿಐ ಪೈಪು ಆಳಕ್ಕೆ ಇಳಿಯಬೇಕು. ಇದ್ದಿಲು–ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆತರೆ ಓಮ್ ಏರುತ್ತದೆ. ಸ್ಟ್ಯಾಟಿಕ್ ಹೆಚ್ಚುವ ತಿಂಗಳುಗಳಲ್ಲೇ ಅರ್ಥಿಂಗ್ ಕೂಡ ಸೊರಗುತ್ತದೆ. ಅಳೆಯಲು ಅರ್ಥ್ ಟೆಸ್ಟರ್ ಬೇಕು, ಮಲ್ಟಿಮೀಟರ್ ಸಾಲದು. ಮಲ್ಟಿಮೀಟರಿನಲ್ಲಿ ನೀವೇ ನೋಡಬಹುದಾದದ್ದು ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್. ಮೆಷಿನ್ ಓಡುತ್ತಿರುವಾಗ ಅದು 2–3 ವೋಲ್ಟ್ ದಾಟಿದರೆ ವೈರಿಂಗ್ ನೋಡಿಸಿ. ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿ ‘ಅರ್ಥಿಂಗ್ ಕೊಟ್ಟಿದೀನಿ’ ಅನ್ನುವವರನ್ನು ಒಳಗೆ ಬಿಡಬೇಡಿ.

ಅರ್ಥಿಂಗ್ ಕೆಲಸ ಫ್ರೇಮಿನಲ್ಲಿ ಮುಗಿಯುವುದಿಲ್ಲ. ರೋಲ್ ಹಾಕುವ ರಾಡು, ಟೇಕಪ್ ರೋಲರು, ಲ್ಯಾಮಿನೇಷನ್ ಮೆಷಿನ್ನಿನ ಬಾಡಿ ಎಲ್ಲವನ್ನೂ ಮಲ್ಟಿಮೀಟರಿನ ಬೀಪ್ ಇಟ್ಟು ಪರೀಕ್ಷಿಸಿ. ಬೇರಿಂಗಿನ ಗ್ರೀಸು, ಪೇಂಟಿನ ಪದರ, ಪ್ಲಾಸ್ಟಿಕ್ ಬುಷ್ ಇವು ಸಂಪರ್ಕ ಕಡಿದಿರುತ್ತವೆ. ಸ್ಕ್ರೂ ಕೂರುವ ಜಾಗದ ಪೇಂಟ್ ಕೆರೆದು ವೈರ್ ಕಟ್ಟಿದರೆ ಐದು ನಿಮಿಷದ ಕೆಲಸ.

ತೇವಾಂಶ: ಎಲ್ಲಕ್ಕಿಂತ ವ್ಯಾಪಕ, ಲೆಕ್ಕ ತಪ್ಪಿದರೆ ವ್ಯರ್ಥ

ಕೋಣೆಯ ತೇವಾಂಶ ಶೇ. 50–60 ಇದ್ದರೆ ಅಂಗಡಿಯ ಮೂಲೆ ಮೂಲೆಯಲ್ಲೂ ಚಾರ್ಜ್ ತಾನಾಗಿ ಇಳಿಯುತ್ತದೆ. ಮಸ್ಕಿಂಗ್ (ಶೀಟಿಗೆ ಅಂಟಿಸಿದ ರಕ್ಷಣೆಯ ಪದರ) ಕೀಳುವ ಜಾಗ, ಕಟಿಂಗ್ ಪ್ಲಾಟರ್, ಸ್ಟೋರ್ ಎಲ್ಲ ಸೇರಿ. ಬೇರೆ ಯಾವ ಸಾಧನಕ್ಕೂ ಈ ಗುಣ ಇಲ್ಲ. ಹಾಗಾಗಿ ಮೊದಲ ಖರ್ಚು ಕೆಲವು ನೂರು ರೂಪಾಯಿಯ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಆಗಲಿ. ಅಗ್ಗದವು ಶೇ. 5 ಆಚೀಚೆ ತೋರಿಸುತ್ತವೆ. ಪರೀಕ್ಷಿಸುವ ಹಳೇ ವಿಧಾನ ಒಂದಿದೆ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ಗಟ್ಟಿಯಾಗುವಂತೆ ನಾಲ್ಕು ಹನಿ ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಕವರಿನಲ್ಲಿ ಮುಚ್ಚಿಡಿ. ಮುಳುಗುವಷ್ಟು ನೀರು ಬೇಡ. ಒಂದು ರಾತ್ರಿ ಬಿಟ್ಟು ನೋಡಿದರೆ ಶೇ. 75 ತೋರಿಸಬೇಕು. 70 ತೋರಿಸಿದರೆ ಮುಂದೆ ಪ್ರತಿ ಓದಿಗೂ 5 ಸೇರಿಸಿಕೊಳ್ಳಿ.

ಈಗ ಗಾತ್ರದ ಲೆಕ್ಕ, ಎಡವುವುದು ಇಲ್ಲೇ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಅಂದರೆ 90 ಘನ ಮೀಟರ್. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 27 ಗ್ರಾಂ ನೀರಾವಿ ಹಿಡಿಯುತ್ತದೆ. ಶೇ. 30ರಿಂದ 50ಕ್ಕೆ ಏರಿಸಲು ಘನ ಮೀಟರಿಗೆ 5.4 ಗ್ರಾಂ, ಇಡೀ ಕೋಣೆಗೆ ಅರ್ಧ ಲೀಟರ್ ಬೇಕು. ಬಾಗಿಲ ಸಂದಿಯಿಂದ ಗಂಟೆಗೆ ಎರಡು ಸಲ ಗಾಳಿ ಬದಲಾದರೂ ಗಂಟೆಗೆ 1 ಲೀಟರ್ ಸಾಕು. ಆದರೆ ಸಾಲ್ವೆಂಟ್ ಪ್ರಿಂಟ್ ಇರುವಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಲೇಬೇಕು. ಆ ಫ್ಯಾನು ಗಂಟೆಗೆ 1,000 ಘನ ಮೀಟರ್ ಗಾಳಿ ಹೊರಹಾಕುವಂಥದ್ದಾದರೆ ಅದೇ ಶೇ. 50 ಉಳಿಸಿಕೊಳ್ಳಲು ಗಂಟೆಗೆ ಸುಮಾರು 5.4 ಲೀಟರ್ ನೀರು ಆವಿಯಾಗಬೇಕು. ಮನೆಗೆ ಕೊಳ್ಳುವ, ಗಂಟೆಗೆ 300 ಮಿಲಿಲೀಟರ್ ಹೊಗೆಯಾಡುವ ಪುಟ್ಟ ಹ್ಯುಮಿಡಿಫೈಯರ್ ಅಲ್ಲಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹಾಗಂತ ಎಕ್ಸಾಸ್ಟ್ ನಿಲ್ಲಿಸಿ ತೇವಾಂಶ ಉಳಿಸುವುದು ಅದಕ್ಕಿಂತ ಕೆಟ್ಟ ಲೆಕ್ಕ. ಸಾಲ್ವೆಂಟ್ ಆವಿ ಕುಡಿಯುವುದು ನಿಮ್ಮ ಹುಡುಗರು.

ಹ್ಯುಮಿಡಿಫೈಯರ್‌ಗಳಲ್ಲಿ ಅಲ್ಟ್ರಾಸಾನಿಕ್ ಅಗ್ಗ, ಕರೆಂಟೂ ಕಡಿಮೆ. ಅದಕ್ಕೆ ಬೋರ್‌ವೆಲ್ ನೀರು ಹಾಕಿದರೆ ನೀರಿನಲ್ಲಿರುವ ಸುಣ್ಣವೆಲ್ಲ ಬಿಳಿ ಪುಡಿಯಾಗಿ ಗಾಳಿಗೆ ಏರಿ ಮೀಡಿಯಾ (ಪ್ರಿಂಟ್ ಹಾಕುವ ಶೀಟು, ರೋಲು) ಮೇಲೆ, ಹೆಡ್ ಎಲ್ಲಿದೆ ಎಂದು ಮೆಷಿನ್ನಿಗೆ ತಿಳಿಸುವ ಎನ್‌ಕೋಡರ್ ಪಟ್ಟಿಯ ಮೇಲೆ, ಹೆಡ್ ಮೇಲೆ ಕೂರುತ್ತದೆ. ಆರ್‌ಓ ನೀರು ಬಿಟ್ಟು ಬೇರೆ ಹಾಕಲೇಬೇಡಿ. ಪ್ಯಾಡ್ ಒದ್ದೆಯಾಗಿಸಿ ಗಾಳಿ ಬೀಸುವ ಮಾದರಿಯಲ್ಲಿ ಸುಣ್ಣ ಪ್ಯಾಡಿನಲ್ಲೇ ಉಳಿಯುತ್ತದೆ, ಗಾಳಿಗೆ ಬರುವುದು ಬರೀ ಆವಿ. ಒಣ ಸೀಮೆಯ ಅಂಗಡಿಗೆ ಸಾಧಾರಣ ಏರ್ ಕೂಲರ್ ಇದೇ ಕೆಲಸ ಮಾಡುತ್ತದೆ, ಎಕ್ಸಾಸ್ಟ್ ಇರುವ ಜಾಗಕ್ಕೆ ಅಷ್ಟು ನೀರು ಆವಿ ಮಾಡಬಲ್ಲದ್ದೂ ಅದೇ. ಅದರ ಗಾಳಿ ನೇರವಾಗಿ ಮೆಷಿನ್ ಮೇಲೆ ಬೀಳದಂತೆ ಗೋಡೆಯ ಕಡೆ ತಿರುಗಿಸಿ, ಪ್ಯಾಡ್ ವಾರಕ್ಕೊಮ್ಮೆ ತೊಳೆಯಿರಿ. ನಮ್ಮ ಆಯ್ಕೆ ಕೇಳಿದರೆ ಇದೇ.

ಶೇ. 65 ದಾಟಬಾರದು. ಸಾಲ್ವೆಂಟ್ ಇಂಕು ಒಣಗುವುದು ನಿಧಾನವಾಗುತ್ತದೆ, ಪೇಪರ್ ಮೀಡಿಯಾ ಅಲೆ ಏಳುತ್ತದೆ. ಇನ್ನೊಂದು ಮಿತಿ: ಸನ್‌ಪ್ಯಾಕ್‌ನಂಥ ಪಾಲಿಪ್ರೊಪಿಲೀನ್ ಶೀಟು ನೀರನ್ನು ಹತ್ತಿರ ಸೇರಿಸುವುದಿಲ್ಲ. ಅದರ ಮೇಲೆ ತೇವದ ಪದರ ಸರಿಯಾಗಿ ಕೂರದ ಕಾರಣ ಕೋಣೆಯ ತೇವಾಂಶ ಸರಿಯಿದ್ದರೂ ಚಾರ್ಜ್ ಉಳಿಯಬಹುದು. ಮೀಡಿಯಾವನ್ನು ಒಂದು ದಿನ ಮುಂಚೆಯೇ ಪ್ರಿಂಟ್ ಕೋಣೆಗೆ ತಂದಿಟ್ಟರೆ ಅದೂ ಕೋಣೆಯ ಹದಕ್ಕೆ ಬರುತ್ತದೆ.

ಟಿನ್ಸೆಲ್: ಅಗ್ಗ, ರೋಲ್ ಕೆಲಸಕ್ಕೆ ತಕ್ಕದ್ದು

ತಾಮ್ರದ ಸಣ್ಣ ಎಳೆಗಳನ್ನು ತಂತಿಗೆ ಸುತ್ತಿ ಮಾಡಿದ ಹೊಳೆಯುವ ಹಗ್ಗವೇ ಟಿನ್ಸೆಲ್. ಕಾರ್ಬನ್ ನಾರಿನ ಬ್ರಷ್ಷೂ ಇದೇ ಜಾತಿ. ಇದಕ್ಕೆ ಕರೆಂಟ್ ಬೇಡ. ಚಾರ್ಜ್ ಇರುವ ಫಿಲ್ಮ್ ಹತ್ತಿರ ಬಂದಾಗ ಎಳೆಗಳ ಮೊನಚು ತುದಿಯಲ್ಲಿ ಗಾಳಿ ತಾನಾಗಿ ಅಯಾನುಗಳಾಗಿ ಒಡೆದು ಚಾರ್ಜನ್ನು ತಣಿಸುತ್ತದೆ. ಇದರ ಗುಣವೂ ದೋಷವೂ ಅದೇ. ಚಾರ್ಜ್ ಜೋರಾಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಕೆಲವು ಸಾವಿರ ವೋಲ್ಟ್ ಉಳಿಸಿಯೇ ಬಿಡುತ್ತದೆ. 20,000 ವೋಲ್ಟ್ ಇದ್ದ ವಿನೈಲನ್ನು ಕಾಟ ಕೊಡದ ಮಟ್ಟಕ್ಕೆ ತರಲು ಇಷ್ಟು ಸಾಕು, ಯುವಿ ಪ್ರಿಂಟಿಗೆ ಬೇಕಾದಷ್ಟು ಶುದ್ಧ ಶೀಟು ಮಾತ್ರ ಇದರಿಂದ ಸಿಗದು.

ಕಟ್ಟುವ ವಿಧಾನ ಸರಿಯಿದ್ದರೆ ಮಾತ್ರ ಫಲ. ಫಿಲ್ಮಿನಿಂದ 3ರಿಂದ 6 ಮಿಲಿಮೀಟರ್ ಅಂತರದಲ್ಲಿ, ಪೂರ್ತಿ ಅಗಲಕ್ಕೆ, ಜೋಲದಂತೆ ಬಿಗಿಯಾಗಿ ಎಳೆದು ಕಟ್ಟಿ. ಎರಡೂ ತುದಿ ಪೇಂಟ್ ಕೆರೆದ ಲೋಹಕ್ಕೆ ತಾಗಲಿ, ಅರ್ಥ್ ಪಿನ್ನಿಗೆ ಮಲ್ಟಿಮೀಟರ್ ಬೀಪ್ ಬರಲಿ. ಟೇಪ್ ಹಾಕಿ ಅಂಟಿಸಿದ, ಅರ್ಥ್ ಇಲ್ಲದ ಟಿನ್ಸೆಲ್ ಬರೀ ಅಲಂಕಾರ. ಎಲ್ಲಕ್ಕಿಂತ ಮುಖ್ಯ, ಫಿಲ್ಮ್ ಗಾಳಿಯಲ್ಲಿ ತೇಲುವ ಜಾಗದಲ್ಲಿ, ಅಂದರೆ ಎರಡು ರೋಲರ್ ನಡುವೆ ಕಟ್ಟಬೇಕು. ಹಿಂದೆ ಲೋಹದ ರೋಲರ್ ಇದ್ದರೆ ಚಾರ್ಜಿನ ಸೆಳೆತವೆಲ್ಲ ಆ ಲೋಹದ ಕಡೆ ತಿರುಗಿಬಿಡುತ್ತದೆ, ಟಿನ್ಸೆಲ್‌ಗೆ ಏನೂ ತಿಳಿಯುವುದೇ ಇಲ್ಲ.

ಕೋಲ್ಡ್ ಲ್ಯಾಮಿನೇಷನ್ ಮೆಷಿನ್ನಿಗೆ ಟಿನ್ಸೆಲ್‌ಗಿಂತ ಒಳ್ಳೆಯ ಹೂಡಿಕೆ ಇಲ್ಲ. ಹಿಂಬದಿಯ ಲೈನರ್ ಕಿತ್ತು ಬರುವ ಜಾಗದಲ್ಲಿ ಒಂದು, ಪ್ರಿಂಟ್ ಒಳಗೆ ಹೋಗುವ ಜಾಗದಲ್ಲಿ ಒಂದು ಕಟ್ಟಿದರೆ ಫಿಲ್ಮ್ ಕೆಳಗೆ ಕೂದಲು, ದೂಳು ಸಿಕ್ಕಿಕೊಂಡು ಏಳುವ ಗುಳ್ಳೆ ಬಹಳ ಕಡಿಮೆಯಾಗುತ್ತದೆ.

ಅಯಾನ್ ಬಾರ್: ಯುವಿ ಫ್ಲಾಟ್‌ಬೆಡ್‌ನವರು ನೋಡಬೇಕಾದ್ದು

ಬಾರ್‌ಗೆ ತನ್ನದೇ ಪವರ್ ಸಪ್ಲೈ ಇರುತ್ತದೆ. ಸೂಜಿಗಳಿಗೆ ಸಾವಿರಾರು ವೋಲ್ಟ್ ಕೊಟ್ಟು ಧನ, ಋಣ ಎರಡೂ ಬಗೆಯ ಅಯಾನುಗಳನ್ನು ಸುರಿಸುತ್ತದೆ. ಶೀಟು ತನಗೆ ಬೇಕಾದ್ದನ್ನು ಎಳೆದುಕೊಳ್ಳುತ್ತದೆ. ಟಿನ್ಸೆಲ್ ಹಾಗೆ ನಡುವೆ ನಿಲ್ಲದೆ ಸೊನ್ನೆಯ ಹತ್ತಿರಕ್ಕೆ ತರುತ್ತದೆ. ಎಸಿ (ಪರ್ಯಾಯ ವಿದ್ಯುತ್) ಬಾರ್ ಅಗ್ಗ, ಆದರೆ ಶೀಟಿಗೆ 25ರಿಂದ 100 ಮಿಲಿಮೀಟರ್ ಹತ್ತಿರ ಇರಬೇಕು. ಪಲ್ಸ್ ಡಿಸಿ (ನೇರ ವಿದ್ಯುತ್ತನ್ನು ಮಿಡಿತದಂತೆ ಕೊಡುವ) ಬಾರ್ ದುಬಾರಿ, 300 ಮಿಲಿಮೀಟರ್ ಆಚೆಗೂ ತಲುಪುತ್ತದೆ. ಮೆಷಿನ್ನಿನ ಗ್ಯಾಂಟ್ರಿಯ (ಹೆಡ್ ಓಡಾಡುವ ಅಡ್ಡ ತೊಲೆಯ) ಮೇಲೆ ಜಾಗ ಇದ್ದರೆ ಎಸಿ ಸಾಕು. ಶೀಟು ತುಂಬುವ ಟೇಬಲ್ ಮೇಲೆ, ಕೈಯಾಡಿಸಲು ಅಡ್ಡಿಯಾಗದಷ್ಟು ಎತ್ತರದಲ್ಲಿ ನೇತುಹಾಕಬೇಕಿದ್ದರೆ ಡಿಸಿ ಕೊಳ್ಳಿ.

ಅಯಾನ್ ಬಾರ್ ಹಾಕಿದ ಮೇಲೂ ಮಂಜು ಹೋಗಿಲ್ಲ ಅನ್ನುವ ದೂರಿಗೆ ಹೆಚ್ಚಿನ ಸಲ ಮೂರು ಕಾರಣ. ಒಂದು, ಶೀಟಿನ ಅಡಿಭಾಗ. ಅಕ್ರಿಲಿಕ್‌ಗೆ ಎರಡೂ ಕಡೆ ಮಸ್ಕಿಂಗ್ ಇರುತ್ತದೆ, ಎರಡನ್ನೂ ಕಿತ್ತರೆ ಎರಡೂ ಮುಖ ಚಾರ್ಜ್ ಆಗುತ್ತದೆ. ವ್ಯಾಕ್ಯೂಮ್ ಟೇಬಲ್ ಮೇಲೆ ಇಟ್ಟ ಮೇಲೆ ಕೆಳಮುಖಕ್ಕೆ ಅಯಾನು ಹೋಗಲು ದಾರಿ ಇಲ್ಲ. ಹಾಗಾಗಿ ಶೀಟನ್ನು ಎತ್ತಿ ಹಿಡಿದಿರುವಾಗಲೇ ಎರಡೂ ಕಡೆ ತಣಿಸಬೇಕು. ಎರಡು, ಅಳತೆಯ ಮೋಸ. ಲೋಹದ ಟೇಬಲ್ ಮೇಲೆ ಮಲಗಿರುವ ಶೀಟಿಗೆ ಸ್ಟ್ಯಾಟಿಕ್ ಮೀಟರ್ ಹಿಡಿದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಅದೇ ಶೀಟನ್ನು ಎತ್ತಿದ ಕ್ಷಣ ಮೀಟರ್ ಸಾವಿರಗಳಿಗೆ ಹಾರುತ್ತದೆ. ಚಾರ್ಜ್ ಹೋಗಿರಲಿಲ್ಲ, ಲೋಹ ಅದನ್ನು ಮರೆಮಾಡಿತ್ತು ಅಷ್ಟೆ. ಅಳೆಯುವಾಗ ಶೀಟು ಗಾಳಿಯಲ್ಲಿರಲಿ, ಮೀಟರ್ ಅದರ ಮೇಲೆ ಬರೆದ ಅಂತರದಲ್ಲೇ ಇರಲಿ (ಸಾಮಾನ್ಯವಾಗಿ 25 ಮಿಲಿಮೀಟರ್). ಮೂರು, ಕೊಳೆಯಾದ ಸೂಜಿ. ಇಂಕಿನ ಮಂಜು, ದೂಳು ಸೇರಿ ಸೂಜಿ ಮುಚ್ಚಿದರೆ ಬಾರ್ ದೀಪ ಉರಿಯುತ್ತಿದ್ದರೂ ಅಯಾನು ಬರುವುದಿಲ್ಲ. ವಾರಕ್ಕೊಮ್ಮೆ ಪವರ್ ಆಫ್ ಮಾಡಿ, ಮೆತ್ತನೆಯ ಬ್ರಷ್ಷಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಸೂಜಿ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಆನ್ ಮಾಡಿ.

ಬಾರ್ ಜೊತೆಗೆ ಖರ್ಚಿಲ್ಲದ ಎರಡು ಕೆಲಸ ಮಾಡಿ. ಹೆಡ್ ಗ್ಯಾಪ್ (ಹೆಡ್‌ಗೂ ಶೀಟಿಗೂ ನಡುವಿನ ಅಂತರ) 3 ಮಿಲಿಮೀಟರ್ ಇದ್ದರೆ ಶೀಟು ಸಮವಾಗಿರುವವರೆಗೆ 1.5ಕ್ಕೆ ಇಳಿಸಿ, ಮರಿಹನಿಗೆ ಅಲೆಯಲು ಅಷ್ಟು ಸಮಯವೇ ಸಿಗುವುದಿಲ್ಲ. ಮಸ್ಕಿಂಗನ್ನು ಒಂದೇ ಎಳೆತಕ್ಕೆ ಪರ್ ಅಂತ ಕೀಳದೆ ನಿಧಾನವಾಗಿ, ಮೆಷಿನ್ನಿನಿಂದ ದೂರದಲ್ಲಿ ಕೀಳಿರಿ. ವೇಗ ಹೆಚ್ಚಿದಷ್ಟೂ ಚಾರ್ಜ್ ಹೆಚ್ಚು.

ಅಯಾನ್ ಬ್ಲೋವರ್ ಫ್ಯಾನಿನ ಬಗ್ಗೆ ಎರಡೇ ಮಾತು: ಮಸ್ಕಿಂಗ್ ಕೀಳುವ ಮೇಜಿಗೆ, ವಿನೈಲ್ ವೀಡಿಂಗ್ (ಕತ್ತರಿಸಿದ ವಿನೈಲಿನ ಬೇಡದ ಭಾಗ ಕೀಳುವುದು) ಮಾಡುವ ಜಾಗಕ್ಕೆ ಬಹಳ ಒಳ್ಳೆಯದು. ಪ್ರಿಂಟ್ ಆಗುತ್ತಿರುವ ಕಡೆ ತಿರುಗಿಸಿದರೆ ಹನಿಯ ದಾರಿಯನ್ನೂ ಕೆಡಿಸುತ್ತದೆ, ನಾಜಲನ್ನೂ ಒಣಗಿಸುತ್ತದೆ. ಅಯಾನ್ ಏರ್ ಗನ್ ದೂಳು ಹಾರಿಸುವುದನ್ನೂ ಚಾರ್ಜ್ ತಣಿಸುವುದನ್ನೂ ಒಟ್ಟಿಗೆ ಮಾಡುತ್ತದೆ, ಆದರೆ ಕಂಪ್ರೆಸರ್ ಗಾಳಿಗೆ ಫಿಲ್ಟರ್ ಇರಲೇಬೇಕು. ಇಲ್ಲದಿದ್ದರೆ ಶೀಟಿನ ಮೇಲೆ ಎಣ್ಣೆಯ ಚುಕ್ಕೆ ಬಿದ್ದು ಅಲ್ಲೆಲ್ಲ ಇಂಕು ಕಿತ್ತು ಬರುತ್ತದೆ.

ಸ್ಪ್ರೇ ಮತ್ತು ಒರೆಸುವಿಕೆ

ಆಂಟಿ ಸ್ಟ್ಯಾಟಿಕ್ ಸ್ಪ್ರೇ ಮೇಲ್ಮೈಯಲ್ಲಿ ತೇವ ಎಳೆಯುವ ತೆಳು ಪದರ ಬಿಡುತ್ತದೆ. ಟೇಬಲ್, ಪರದೆ, ಕಂಟ್ರೋಲ್ ಪ್ಯಾನೆಲ್, ಶೀಟಿನ ಹಿಂಬದಿ ಇವಕ್ಕೆ ಸರಿ. ಪ್ರಿಂಟ್ ಆಗುವ ಮುಖಕ್ಕೆ ಹಾಕಿದರೆ ಅದೇ ಪದರ ಇಂಕು ಮತ್ತು ಶೀಟಿನ ನಡುವೆ ನಿಲ್ಲುತ್ತದೆ. ಹಾಕಲೇಬೇಕಿದ್ದರೆ ತುಂಡಿನ ಮೇಲೆ ಪ್ರಿಂಟ್ ತೆಗೆದು, ಮರುದಿನ ಬ್ಲೇಡಿನಿಂದ 1 ಮಿಲಿಮೀಟರ್ ಚೌಕಗಳು ಬರುವಂತೆ ಅಡ್ಡ–ಉದ್ದ ಗೀರಿ, ಟೇಪ್ ಒತ್ತಿ ಕೀಳಿರಿ. ಚೌಕ ಎದ್ದು ಬಂದರೆ ಆ ಸ್ಪ್ರೇ ಬೇಡ. ಬಟ್ಟೆಗೆ ಹಾಕುವ ಫ್ಯಾಬ್ರಿಕ್ ಕಂಡೀಷನರ್ ನೀರಿನಲ್ಲಿ ಬೆರೆಸಿ ನೆಲ ಒರೆಸುವುದು ತಪ್ಪಲ್ಲ, ಮೀಡಿಯಾಗೆ ತಾಗಿಸಬೇಡಿ.

ಐಪಿಎ ಹಚ್ಚಿದ ಲಿಂಟ್ ಇಲ್ಲದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದರೆ ಒದ್ದೆ ಇರುವಷ್ಟು ಹೊತ್ತು ಚಾರ್ಜ್ ಇಳಿಯುತ್ತದೆ, ದೂಳೂ ಹೋಗುತ್ತದೆ. ಒಣಗಿದ ಮೇಲೂ ಉಜ್ಜುತ್ತಿದ್ದರೆ ಉಜ್ಜಿದ್ದಕ್ಕೇ ಹೊಸ ಚಾರ್ಜ್ ಹುಟ್ಟುತ್ತದೆ. ಲೇಸರ್ ಕಟ್ ಆದ ಅಕ್ರಿಲಿಕ್ ಅಂಚಿಗೆ ಐಪಿಎ ತಾಗಿಸಬೇಡಿ, ಬಿಸಿಯಲ್ಲಿ ಸೆಟೆದ ಆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಯಾವ ಅಂಗಡಿಗೆ ಯಾವುದು

ಬರೀ ಫ್ಲೆಕ್ಸ್, ವಿನೈಲ್ ರೋಲ್ ಹೊಡೆಯುವವರಿಗೆ ಸರಿಯಾದ ಅರ್ಥಿಂಗ್, ರೋಲ್ ಬಿಚ್ಚುವಲ್ಲಿ ಟಿನ್ಸೆಲ್, ಬೇಸಿಗೆಗೊಂದು ಕೂಲರ್. ಇಷ್ಟರಲ್ಲಿ ಮುಗಿಯುತ್ತದೆ. ಬಾರ್‌ಗೆ ದುಡ್ಡು ಹಾಕುವ ಅಗತ್ಯ ಇಲ್ಲ. ಪಿಇಟಿ ಬ್ಯಾಕ್‌ಲಿಟ್ ಫಿಲ್ಮ್ ಹೆಚ್ಚಾಗಿದ್ದರೆ ಟಿನ್ಸೆಲ್ ಎರಡು ಕಡೆ ಕಟ್ಟಿ.

ಅಕ್ರಿಲಿಕ್, ಸನ್‌ಪ್ಯಾಕ್ ಮೇಲೆ ಯುವಿ ಹೊಡೆಯುವವರು ತೇವಾಂಶವನ್ನು ಶೇ. 50ಕ್ಕೆ ತಂದು ಎರಡು ವಾರ ನೋಡಿ. ಆಮೇಲೂ ಮಂಜು ಉಳಿದರೆ ಬಾರ್ ಕೊಳ್ಳಿ. ಸನ್‌ಪ್ಯಾಕ್ ಕೆಲಸವೇ ಮುಖ್ಯವಾದರೆ ಕಾಯದೆ ಬಾರ್ ಕೊಳ್ಳಬಹುದು, ಕಾರಣ ಮೇಲೆ ಹೇಳಿದ್ದೇ. ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ಹಾಕಿ ಬಟ್ಟೆಗೆ ಇಳಿಸುವ ಕೆಲಸ) ಮಾಡುವವರಿಗೆ ಪ್ರಿಂಟ್ ಇಲ್ಲದ ಜಾಗಕ್ಕೂ ಪೌಡರ್ ಅಂಟಿಕೊಳ್ಳುವುದು ಒಣ ಹವೆಯ ನೇರ ಲಕ್ಷಣ. ಅಲ್ಲಿ ಮೊದಲ ಮದ್ದು ತೇವಾಂಶ, ಎರಡನೆಯದು ಫಿಲ್ಮಿನ ಹಾದಿಗೆ ಟಿನ್ಸೆಲ್.

ಥಿನ್ನರ್ ಬಳಸುವ ಸ್ಕ್ರೀನ್ ಪ್ರಿಂಟಿಂಗ್ ಕೋಣೆಯನ್ನು ಬೇರೆಯಾಗಿಯೇ ನೋಡಬೇಕು. ಇಲ್ಲಿ ಪ್ರಶ್ನೆ ಪ್ರಿಂಟಿನ ಅಂದದ್ದಲ್ಲ, ಬೆಂಕಿಯದ್ದು. ಮನುಷ್ಯನಿಗೆ ಚುರ್ ಅನ್ನುವುದು ಸುಮಾರು 3,000 ವೋಲ್ಟ್ ಆದ ಮೇಲೆ. ಮೈಯಲ್ಲಿ ಅಷ್ಟು ಚಾರ್ಜ್ ಇದ್ದಾಗ ಹಾರುವ ಕಿಡಿಯ ಶಕ್ತಿ ಅರ್ಧ ಮಿಲಿಜೌಲ್ ದಾಟುತ್ತದೆ. ಟಾಲ್ವೀನ್ ಆವಿ ಹೊತ್ತಿಕೊಳ್ಳಲು ಅದರ ಅರ್ಧದಷ್ಟೂ ಬೇಡ, ಸುಮಾರು 0.24 ಮಿಲಿಜೌಲ್ ಸಾಕು. ಅಂದರೆ ಕೈಗೆ ಗೊತ್ತಾಗುವ ಯಾವ ಕಿಡಿಯೂ ಅಲ್ಲಿ ಚಿಕ್ಕದಲ್ಲ. ಐಪಿಎ ಕೂಡ ಸುಮಾರು 12 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ನಮ್ಮ ಊರುಗಳ ಚಳಿಗಾಲದ ಹಗಲಿಗಿಂತ ಅದು ತಣ್ಣಗೆ. ಥಿನ್ನರನ್ನು ಪ್ಲಾಸ್ಟಿಕ್ ಕ್ಯಾನಿನಿಂದ ಪ್ಲಾಸ್ಟಿಕ್ ಮಗ್ಗಿಗೆ ಸುರಿಯಬೇಡಿ. ಎರಡೂ ಲೋಹದ ಪಾತ್ರೆಯಾಗಿರಲಿ, ಸುರಿಯುವ ಮುಂಚೆ ಕ್ಲಿಪ್ ಇರುವ ವೈರಿನಿಂದ ಒಂದಕ್ಕೊಂದು ಸೇರಿಸಿ ಅರ್ಥ್‌ಗೆ ಕಟ್ಟಿ. ಕೆಲಸದವರು ಪಾಲಿಯೆಸ್ಟರ್ ಬಿಟ್ಟು ಹತ್ತಿ ಬಟ್ಟೆ ಹಾಕಲಿ. ಹವಾಯಿ ಚಪ್ಪಲಿ ಮೈಯನ್ನು ನೆಲದಿಂದ ಬೇರ್ಪಡಿಸುತ್ತದೆ. ಅದರ ಬದಲು ಆಂಟಿ ಸ್ಟ್ಯಾಟಿಕ್ ಶೂ, ಕಾಲಡಿಗೆ ಅರ್ಥ್ ಮಾಡಿದ ಆಂಟಿ ಸ್ಟ್ಯಾಟಿಕ್ ಮ್ಯಾಟ್ ಇರಲಿ. ಮತ್ತೆ, ಸಾಧಾರಣ ಅಯಾನ್ ಬಾರ್, ಬ್ಲೋವರ್ ಯಾವುದನ್ನೂ ಆ ಕೋಣೆಗೆ ತರಬೇಡಿ. ಅದರ ಸೂಜಿಯ ಮೇಲೆ ಇರುವುದೇ ಸಾವಿರಾರು ವೋಲ್ಟ್. ಉರಿಯುವ ಆವಿ ಇರುವ ಜಾಗಕ್ಕೆಂದೇ ಪ್ರಮಾಣಪತ್ರ ಪಡೆದ ಬಾರ್ ಸಿಗುವವರೆಗೆ ಅಲ್ಲಿ ಅರ್ಥ್ ಮಾಡಿದ ಟಿನ್ಸೆಲ್, ತೇವಾಂಶ ಮತ್ತು ಎಕ್ಸಾಸ್ಟ್ ಮಾತ್ರ.